ಸೆರೆಕೋಣೆ ಕಂಡು ಮೂಗು ಮುಚ್ಚಿದ ಓನರ್

ನಮ್ಮ ಓನರ್ ದೊಡ್ಡಮುನಿಯಪ್ಪನವರು ರಾಮಮೂರ್ತಿ ನಗರದಲ್ಲಿ ಇಪ್ಪತ್ತು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಕಿಟಕಿ ಇರುವುದು ಬೀದಿ ಬದಿಯ ನಾಲ್ಕಕ್ಕೆ ಮಾತ್ರ. ನಮ್ಮದಕ್ಕಿಲ್ಲ.

ಕಳೆದ ತಿಂಗಳು ಸಮುದ್ರ ತೋರಿಸುತ್ತೇನೆಂದು ನನ್ನನ್ನು ಕರಾವಳಿಯ ಊರಿಗೆ ಕರೆದೊಯ್ದರು. ಬ್ಯಾಗು ಹೊರಲಿಕ್ಕೆ ಎಂದು ಹೇಳಲಿಲ್ಲ. ಹಳೆಯ ದೀಪಸ್ತಂಭದ ಬುಡಕ್ಕೇ ಎಲೆಅಡಿಕೆ ಉಗಿದರು. ನನಗೆ ಹೇಸಿಗೆಯಾಯಿತು. ಆಮೇಲೆ ಅಲ್ಲಿದ್ದ ಹಳೆಯ ಕೋಟೆಯ ಸೆರೆಕೋಣೆಗೆ ಇಣುಕಿ ಮೂಗು ಮುಚ್ಚಿಕೊಂಡರು.

"ಥೂ, ಒಂದು ಕಿಟಕಿನೂ ಇಲ್ವಲ್ಲೋ ಹಂಪಣ್ಣ. ಮನುಷ್ಯರನ್ನ ಇಡೋ ಜಾಗನಾ ಇದು? ಎಷ್ಟ್ ಜನಾನ ತುಂಬ್ತಿದ್ರೋ ಪಾಪಿಗಳು."

ಟೈಲ್ಸ್ ಹಾಕುವವನು ನಾನು. ಒಳಗೆ ಹೋಗಿ ಹೆಜ್ಜೆಯಲ್ಲಿ ಅಳೆದೆ. ಹೆಂಡತಿ, ಇಬ್ಬರು ಮಕ್ಕಳೊಂದಿಗೆ ನಾನಿರುವ ಅವರ ರೂಮಿಗಿಂತ ಎರಡು ಅಡಿ ಉದ್ದವಿತ್ತು. ಬಾಗಿಲ ಬಳಿಯ ಬೋರ್ಡು ಓದಿ ಹೇಳಿದೆ:

"ಒಬ್ಬನ್ನೇ ಇಡ್ತಿದ್ರಂತ್ರಿ, ಓನರ್."