ಬಟ್ಟೆ ಹೊದಿಸಿ ನೋಡುವ ಸಾಯಿಮಾ

ಸವಣೂರಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕೇಬಲ್ ಆಫೀಸಿನ ಬಾಗಿಲು ತೆಗೆದ ಸಾಯಿಮಾ, ಮೇಜಿನ ಮೇಲಿನ ಎಂಟು ರೌಟರ್‌ಗಳಿಗೆ ಹೊದಿಸಿದ ಬಟ್ಟೆಯನ್ನು ಒಂದೊಂದಾಗಿ ಸರಿಸಿ ಅಂಗೈ ಇಟ್ಟು ನೋಡುತ್ತಾರೆ. ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ ಕಾಣುತ್ತದೆ. ಆದರೆ ಮುಖದಲ್ಲಿ ಮಮತೆಯಿಲ್ಲ. ಕಳ್ಳನನ್ನು ನೋಡುವ ನೋಟವಿದೆ.

"ನೀವು ಯಾವ ಕಂಪನಿಯವರ್ರಿ?" ಎಂದು ಮೊದಲ ದಿನ ನನ್ನನ್ನು ಕೇಳಿದ್ದರು. ಪತ್ರಿಕೆಯವನೆಂದರೂ ನಂಬದೆ ಗುರುತಿನ ಚೀಟಿ ತರಿಸಿಕೊಂಡು ಓದಿದ್ದರು. ನಿಜ ಹೇಳಬೇಕೆಂದರೆ ನನಗೂ ಅವರ ಮೇಲೆ ಅನುಮಾನವಿತ್ತು. ಮನೆಮನೆಗೆ ಯಾವ ರೌಟರ್ ಹೋಗಬೇಕೆಂದು ಆರಿಸುವವರ ಕೈ ಬೆಚ್ಚಗೆ ಮಾಡುವ ವ್ಯಾಪಾರಿಗಳು ಇಲ್ಲದಿರುತ್ತಾರೆಯೇ? ಎರಡು ದಿನ ಕೂತು ನೋಡಿದೆ. ಅವರು ಯಾರ ಚಹಾವನ್ನೂ ಕುಡಿಯಲಿಲ್ಲ, ನನ್ನದನ್ನೂ.

ಒಂಬತ್ತು ವರ್ಷಗಳ ಹಿಂದೆ ಫೋನ್ ಎತ್ತುವ ಕೆಲಸಕ್ಕೆ ಸೇರಿದವರು. ದಿನಕ್ಕೆ ಮೂವತ್ತು, ನಲವತ್ತು ಕರೆ, ಹೆಚ್ಚಿನವು ಇಂಟರ್ನೆಟ್ ನಿಂತಿತೆಂಬ ಬೈಗುಳ. ಕೊನೆಗೆ ಬಸ್ಸು ಹತ್ತಿ ಬೈದವರ ಮನೆಗಳಿಗೇ ಹೋದರು. ಹೋದಲ್ಲೆಲ್ಲ ರೌಟರಿಗೆ ಹೂವಿನ ಕಸೂತಿಯ ಹೊದಿಕೆ, ಟಿವಿಗೆ, ಮಿಕ್ಸಿಗೆ ಇರುವಂಥದೇ.

"ಮುಚ್ಚಬ್ಯಾಡ್ರಿ ಅಂತ ಕಂಪನಿಯವ್ರು ಡಬ್ಬಿ ಮ್ಯಾಲ ಬರದಿರ್ತಾರ. ನಮ್ಮ ಮಂದಿ ಧೂಳು ಕುಂದರತೈತಿ ಅಂತ ಮುಚ್ಚೇ ಮುಚ್ತಾರ. ಅದಕ್ಕ ನಾನೂ ಮುಚ್ಚೇ ನೋಡ್ತೇನಿ."

ಮೂರು ದಿನ ಬಟ್ಟೆಯೊಳಗೆ, ದಿನಕ್ಕೆ ಇಪ್ಪತ್ತು ಸಲ ಕರೆಂಟು ತೆಗೆದು ಹಾಕಿ ನೋಡುತ್ತಾರೆ. ಇದಕ್ಕೆ ಕಾರಣ ಹತ್ತಿಮತ್ತೂರಿನ ಮಲ್ಲಿಕಾ ಎಂಬ ಹುಡುಗಿ. ಆಂಟೆನಾ ನಾಲ್ಕಿದ್ದರೆ ಗಟ್ಟಿಮಾಲು ಎಂದು ನಂಬಿ, ಪರೀಕ್ಷಿಸದೆ ಅವಳ ಮನೆಗೊಂದು ಕೊಟ್ಟಿದ್ದರು. ಮೊಬೈಲ್ ಸಿಗ್ನಲ್ ಸಿಗದ ಓಣಿ. ಅವಳು ನೌಕರಿಯ ಸಂದರ್ಶನಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತಾಗಲೇ ಅದು ಹೊದಿಕೆಯೊಳಗೆ ಕಾದು ನಿಂತುಹೋಯಿತು.

"ನೌಕರಿ ಕೈತಪ್ಪಿತ್ರಿ. ಆಕಿ ಬೈಲಿಲ್ಲ. ಬೈದಿದ್ರ ಚಲೋ ಇತ್ತು" ಎನ್ನುತ್ತಾರೆ ಸಾಯಿಮಾ.

ಮೇಜಿನ ಮೇಲಿರುವುದು ವ್ಯಾಪಾರಿಯೊಬ್ಬ ಹೊಸದೆಂದು ಕಳಿಸಿದ ನಲವತ್ತರಲ್ಲಿ ಆರಿಸಿದ ಎಂಟು. ಸಾಯಿಮಾ ಸ್ಕ್ರೂ ಮೇಲಿನ ಗೀರು ತೋರಿಸುತ್ತಾರೆ: "ಹೊಸಾವು ಅಂತ. ಹೊಸಾವನ್ನ ಯಾರು ಬಿಚ್ಚಿದ್ರು?" ಆದರೆ ಆಫೀಸಿನ ಮಾಲೀಕ ಗಿರಿಯಪ್ಪ ನಿನ್ನೆಯೇ ಖಡಾಖಂಡಿತವಾಗಿ ಹೇಳಿದ್ದಾರೆ: ಇವತ್ತಿನಿಂದ ಹಂಚಬೇಕು, ಇಲ್ಲದಿದ್ದರೆ ಹಂಚಲು ಬೇರೆಯವರನ್ನು ನೋಡಿಕೊಳ್ಳುತ್ತೇನೆ. ಗಂಡನಿಲ್ಲದ ಸಾಯಿಮಾ ಅವರ ಮನೆ ನಡೆಯುವುದು ಈ ಕೆಲಸದ ಮೇಲೆ.

ಏಳು ನಡೆಯುತ್ತಿವೆ. ಎಂಟನೆಯದು ತಣ್ಣಗಿದೆ, ದೀಪ ಆರಿದೆ.

ಗಿರಿಯಪ್ಪ ಬಂದು ನೋಡುತ್ತಾರೆ. "ಎಂಟರಾಗ ಒಂದ ಕೆಟ್ಟೈತಲ್ಲ? ಇರ್ಲಿ ಬಿಡವ್ವಾ, ಹಂಚು."

ಸಾಯಿಮಾ ಗ್ರಾಹಕರ ಪಟ್ಟಿಯನ್ನು ಅವರ ಮುಂದಿಡುತ್ತಾರೆ. "ಹಂಚ್ತೇನ್ರಿ ಅಣ್ಣಾರ. ಎಂಟಕ್ಕ ಒಂದಂದ್ರ ನಲವತ್ತರಾಗ ಐದು ಕೆಟ್ಟಿರ್ತಾವ. ಅವು ಯಾರ್ಯಾರ ಮನೀಗೆ ಹೋಗಬೇಕು, ಅವ್ರ ಹೆಸರಿಗೆ ನೀವ ಗುರುತು ಹಾಕ್ರಿ."

ಗಿರಿಯಪ್ಪ ಪೆನ್ನು ತೆಗೆದು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾರೆ. ಎಲ್ಲರೂ ಗೊತ್ತಿದ್ದವರೇ, ನಡುವೆ ಅವರ ಅಕ್ಕನ ಹೆಸರೂ ಇದೆ. ಪೆನ್ನು ಜೇಬಿಗೆ ಮರಳುತ್ತದೆ. ನಲವತ್ತನ್ನೂ ವಾಪಸು ಕಳಿಸೆಂದು ಹೇಳಿ ಹೊರಗೆ ಹೋಗುತ್ತಾರೆ.

ಡಬ್ಬಿಗಳಿಗೆ ಟೇಪು ಸುತ್ತುತ್ತಿರುವ ಸಾಯಿಮಾ ಅವರನ್ನು, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಇದರಲ್ಲೇನು ಹುನ್ನಾರವಿದೆಯೋ ಎಂಬಂತೆ ನೋಡುತ್ತಾರೆ.

"ನಾ ಕೊಟ್ಟದ್ದು ಗ್ವಾಡಿ ಮ್ಯಾಲ ಐತಿ ಅನ್ನೂದ ಮನಿ ಮಂದಿಗೆ ಮರತುಹೋಗಬೇಕ್ರಿ. ಅಷ್ಟ ಸಾಕು."