ಖಾಲಾ ಬಿತ್ತಿದ ಹಿತ್ತಲು

ಸಿಡುಬು ಆಕೆಯ ಎಡಗಣ್ಣನ್ನು ಬಿಳಿ ಮಾಡಿಬಿಟ್ಟಿತ್ತು. ಅದಕ್ಕೇ ಇರಬೇಕು, ಕರಬೂಜದ ಹಣ್ಣನ್ನು ಆಕೆ ನೋಡುತ್ತಿದ್ದುದಕ್ಕಿಂತ ಮೂಸುತ್ತಿದ್ದುದೇ ಹೆಚ್ಚು. ತೊಟ್ಟಿನ ಹತ್ತಿರ ಮೂಗು ಹಚ್ಚಿ, ದೀರ್ಘ ಉಸಿರೆಳೆದು, "ಇನ್ನೊಂದೀಟು ಬಿಡು ಬೇಟಿ, ಬಲಿತಿಲ್ಲ" ಎನ್ನುತ್ತಿದ್ದಳು.

ಆಳಂದದ ನಮ್ಮ ಓಣಿಗೆಲ್ಲ ಆಕೆ ಖಾಲಾ, ಎಂದರೆ ಚಿಕ್ಕಮ್ಮ. ಗಂಡ ಟಾಂಗಾ ಹೊಡೆಯುತ್ತಿದ್ದ, ಒಬ್ಬನೇ ಮಗ. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದು ಮೋಟುಗೋಡೆ. ನಾನು ಮದುವೆಯಾಗಿ ಬಂದಾಗ ಅತ್ತೆ ಬದುಕಿರಲಿಲ್ಲ. ಏನು ಬಿತ್ತಬೇಕೆಂದು ಹೇಳುವವರಿಲ್ಲದೆ, ಸಂತೆಯಲ್ಲಿ ಕಂಡ ಎಲ್ಲಕ್ಕಿಂತ ದೊಡ್ಡ ಕರಬೂಜದ ಬೀಜ ಊರಿದೆ. ಬಿಂದಿಗೆಯಷ್ಟು ದೊಡ್ಡ ಹಣ್ಣು ಬಂದವು, ರುಚಿ ಮಾತ್ರ ಬರೀ ನೀರು. ಖಾಲಾ ಗೋಡೆಯ ಆಚೆಯಿಂದ ಒಂದು ಹೋಳು ಬಾಯಿಗಿಟ್ಟು ಉಗುಳಿದಳು.

"ಗಾತ್ರಕ್ಕ ಮರುಳಾದಿ ಬೇಟಿ. ಮೊದಲ ತಿಂದು ನೋಡು, ಆಮ್ಯಾಲ ಬೀಜ ಇಡು."

ಮರುದಿನ ಮೈತುಂಬ ಬಲೆಗೆರೆಯಿದ್ದ ತನ್ನ ಕರಬೂಜದ ಬೀಜವನ್ನೂ ಮುಳ್ಳುಬದನೆಯ ಸಸಿಗಳನ್ನೂ ತಂದುಕೊಟ್ಟಳು. ಸೌತೆ ಕಾಯಿಬಿಟ್ಟಾಗ ಒಂದೊಂದು ಬಳ್ಳಿಯದನ್ನೂ ತಾನೇ ಕಚ್ಚಿ ನೋಡಿ, ಕಹಿಯಿದ್ದ ಬಳ್ಳಿಯನ್ನು ಬೇರುಸಹಿತ ಕಿತ್ತಳು. ನಾನು ಅಯ್ಯೋ ಎಂದೆ. "ಬಿಟ್ರ ಮುಂದಿನ ವರ್ಷ ಕಹಿ ಎಲ್ಲಾಕ್ಕೂ ಹತ್ತತದ" ಎಂದಳು. ಅವಳ ಕೈ ಹಿಡಿದು ನಾನು ಹಿತ್ತಲು ಮಾಡುವುದನ್ನು ಕಲಿತೆ.

ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆಯಲ್ಲಿ ಅವರ ಪರವಾದ ಬಂದೂಕಿನವರು ಹಿಂದೂಗಳ ಮನೆ ಲೂಟಿ ಮಾಡತೊಡಗಿದರು. ನಾವು ಬಂಡಿ ಕಟ್ಟಿ, ಗಡಿಯಾಚೆಯ ಸೊಲ್ಲಾಪುರದ ಕಡೆ ಹೊರಟೆವು. ಖಾಲಾ ಬಂಡಿಯ ತನಕ ಬಂದು ನನ್ನ ಕೂಸಿನ ತಲೆ ಸವರಿದಳು.

"ಹಿತ್ತಲದ ಫಿಕರ್ ಮಾಡಬ್ಯಾಡ. ನಾ ನೋಡ್ಕೋತೇನಿ. ನೀ ಕೂಸಿನ್ನ ನೋಡ್ಕೋ."

ಮಳೆಗಾಲದ ಕೊನೆಗೆ ಹಿಂದುಸ್ತಾನದ ಸೈನ್ಯ ಬಂತೆಂದು ಕೇಳಿ ಮರಳಿದೆವು. ಅಷ್ಟರಲ್ಲಿ ಸೇಡು ತೀರಿಸಿಕೊಳ್ಳುವವರು ಮುಸಲ್ಮಾನರ ಮನೆಗಳಿಗೆ ನುಗ್ಗಿ ಹೋಗಿದ್ದರು. ಖಾಲಾಳ ಮನೆಯ ತೊಲೆಗಳು ಸುಟ್ಟು ಅಂಗಳಕ್ಕೆ ಬಿದ್ದಿದ್ದವು. ನಮ್ಮ ಹಿತ್ತಲಿನಲ್ಲಿ ಹೀರೆ ಗೋಡೆ ತುಂಬ ಹಬ್ಬಿತ್ತು, ಬದನೆ ಸಾಲುಹಿಡಿದು ಕಾಯಿಬಿಟ್ಟಿತ್ತು. ಒಂದು ಕಳೆಯೂ ಇರಲಿಲ್ಲ.

ಎದುರುಮನೆಯ ಮುದುಕಿ ದನಿ ತಗ್ಗಿಸಿ ಹೇಳಿದಳು: "ಗಂಡನ್ನ, ಮಗನ್ನ ಆಕಿ ಕಣ್ಣ ಮುಂದನ ಕಡದ್ರವ್ವಾ. ಆಕಿ ನಿಮ್ಮ ಹೀರಿಬಳ್ಳಿ ಮರಿಗಿ ಅಡಗಿ ಕುಂತಿದ್ಲು. ರೊಟ್ಟಿ ಕೊಟ್ಟೆ, ಮುಟ್ಟಲಿಲ್ಲ. ಮುಂಜಾನಿ ಬಾವ್ಯಾಗ ತೇಲಾಕತ್ತಿದ್ಲು."

"ಆಯೀ, ನಿಮ್ಮ ಮನಿ ಒಳಗ ಕರ್ಕೋಬಾರದಿತ್ತೇನ್ರಿ?"

"ಅಂಜಿಕಿ ಆಯ್ತವ್ವಾ. ನಮ್ಮ ಮನಿಗೂ ಬೆಂಕಿ ಹಚ್ತೇವಂತ ಹೇಳಿ ಹೋಗಿದ್ರು."

ಮನೆಯಲ್ಲಿ ಒಂದು ಹಿಡಿ ಕಾಳೂ ಉಳಿದಿರಲಿಲ್ಲ. ಕೂಸು ಅಳುತ್ತಿತ್ತು. ಸಂಜೆ ನಾನೇ ಬುಟ್ಟಿ ಹಿಡಿದು ಹಿತ್ತಲಿಗಿಳಿದು ಬದನೆ ಕೊಯ್ದೆ, ಹೀರೆ ಕೊಯ್ದೆ. ಚಳಿ ಬೀಳುವವರೆಗೂ ನಮ್ಮ ಒಲೆಯ ಮೇಲೆ ಬೆಂದದ್ದು ಆಕೆ ಬೆಳೆಸಿಟ್ಟದ್ದೇ.

ಆಕೆಯನ್ನು ಎಲ್ಲಿ ಮಣ್ಣು ಮಾಡಿದರೆಂದು ಓಣಿಯ ಒಬ್ಬೊಬ್ಬರನ್ನೂ ಕೇಳಿದೆ. ಯಾರೂ ಹೇಳಲಿಲ್ಲ.