ಮಂಗಳನ ಬಂಡೆ, ಹುಲ್ಲಹಳ್ಳಿಯ ಜಗಳ

"ಕಲ್ಲಿಗೇನು ಕಾಲು ಬತ್ತದಾ? ಅವ್ಳೇ ಎಳ್ಕೊಂಡವ್ಳೆ ಕಣೋ."

ಕಳೆದ ಭಾನುವಾರ ನಂಜನಗೂಡಿನಿಂದ ಬಸ್ಸು ಹಿಡಿದು ಹುಲ್ಲಹಳ್ಳಿಗೆ ಹೋದರೆ, ಅಕ್ಕ ಕಾಫಿಗಿಂತ ಮೊದಲು ಕೊಟ್ಟದ್ದು ಈ ಕಂಪ್ಲೇಂಟ್. ಅವಳ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲು ಪಕ್ಕದ ಮನೆಯ ಮಾದೇವಮ್ಮನ ಹಿತ್ತಿಲಿನತ್ತ ಜರುಗಿತ್ತು. (ನಡುವೆ ಗೋಡೆ ಇಲ್ಲ. ಇಷ್ಟು ವರ್ಷ ಇಬ್ಬರೂ ಒಗೆದದ್ದು ಅದೇ ಕಲ್ಲಿನ ಮೇಲೆ.) ದಿನಾ ಸಂಜೆ ನಾಲೆ ಏರಿಯ ಮೇಲೆ ಜೊತೆಯಾಗಿ ವಾಕಿಂಗ್ ಹೋಗುತ್ತಿದ್ದವರು ಈಗ ಮುಖ ನೋಡುವುದಿಲ್ಲವಂತೆ.

ನಾನೇನು ಪಂಚಾಯ್ತಿ ಮಾಡಲಿ? ಬಸ್ಸಿನಲ್ಲಿ ನೋಡಿದ್ದ ಫೋಟೊ ನೆನಪಾಯಿತು. ಹಿತ್ತಿಲಲ್ಲೇ ನಿಂತು ಮೊಬೈಲ್ ತೆಗೆದು ತೋರಿಸಿದೆ. ಮಂಗಳ ಗ್ರಹದ ಒಂದು ಇಳಿಜಾರು. ಬಂಡೆಯೊಂದು ಉರುಳಿ, ಮಣ್ಣಿನ ಮೇಲೆ ಹೊಲಿಗೆ ಹಾಕಿದಂತೆ ಗುರುತು ಬಿಟ್ಟು ಕೆಳಗೆ ಬಂದು ನಿಂತಿದೆ.

"ಯಾರು ತಳ್ಳಿದ್ದು?" ಅಂದಳು ಅಕ್ಕ.

ನೋಡಿದಿರಾ? ನಮಗೆ ಮೊದಲು ಆರೋಪಿ ಬೇಕು. ಹಾಲು ಉಕ್ಕಿದರೂ ಅಷ್ಟೇ, ಕರೆಂಟ್ ಹೋದರೂ ಅಷ್ಟೇ.

"ಯಾರೂ ಇಲ್ಲ ಕಣಕ್ಕ. ಅಲ್ಲಿ ಮಳೇನೂ ಇಲ್ಲ. ಎಂಥಾ ಚಳಿ ಅಂದ್ರೆ ಗಾಳಿಯೇ ಹೆಪ್ಪುಗಟ್ಟಿ ನೆಲದ ಮೇಲೆ ಕೂರುತ್ತೆ. ಬಿಸಿಲು ಬಿದ್ರೆ ಅದು ನೀರಾಗಲ್ಲ, ಹಂಗೇ ಗ್ಯಾಸ್ ಆಗಿ ಹೋಗುತ್ತೆ. ಆಗ ಇಳಿಜಾರಿನ ಮಣ್ಣು ಸಡಿಲಾಗಿ ಜಾರುತ್ತೆ. ಒಂದೊಂದು ಸಲ ನೆಲ ನಡುಗಿ ಬಂಡೆ ಉರುಳುತ್ತೆ."

ಆಚೆ ಬಟ್ಟೆ ಹರವುತ್ತಿದ್ದ ಮಾದೇವಮ್ಮ ಹತ್ತಿರ ಬಂದರು. "ಅಣ್ಣಾ, ನಂಗೂ ವಸಿ ತೋರ್ಸಿ." ಫೋಟೊವನ್ನು ಬಹಳ ಹೊತ್ತು ನೋಡಿ ಅಕ್ಕನತ್ತ ತಿರುಗಿದರು. "ಯಾರೂ ಇಲ್ದಿರೋ ಕಡೇನೂ ಕಲ್ಲು ಓಯ್ತದೆ. ಇಲ್ಲಿ ನಾನಿದ್ದೀನಿ ಅಂತ ತಾನೆ ನನ್ ಮ್ಯಾಲೆ ದೂರು ಏಳಿದ್ದು?"

ಅಕ್ಕ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದರ ಕೆಳಗೆ ಕೈ ಹಾಕಿದಳು. ಮಣ್ಣೇ ಇರಲಿಲ್ಲ. ಸಾಬೂನು ನೀರು ಹರಿದೂ ಹರಿದೂ ಕೆಳಗೆಲ್ಲ ಪೊಳ್ಳಾಗಿತ್ತು. ಹಿತ್ತಿಲು ಮೊದಲೇ ಆ ಕಡೆಗೆ ಇಳಿಜಾರು.

"ತಪ್ಪಾಯ್ತು ಕಣೇ ಮಾದೇವಿ," ಅಂದಳು ಮೆಲ್ಲಗೆ.

ಮಾದೇವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿಗೆ ಕೈ ಕೊಟ್ಟರು. ಮೂವರೂ ಸೇರಿ ಅದನ್ನು ಹಿಂದಕ್ಕೆ ತಳ್ಳಿದೆವು. (ಅವರಿಬ್ಬರು ತಳ್ಳಿದರು. ನಾನು 'ಹುಷಾರು, ಹುಷಾರು' ಅಂದೆ.) ಸಂಜೆ ಇಬ್ಬರೂ ನಾಲೆ ಕಡೆ ಹೊರಟರು. ದೊಡ್ಡ ರಾಜಿ ಮಾಡಿಸಿದ ಹೆಮ್ಮೆಯಲ್ಲಿ ನಾನು ಬಸ್ಸು ಹತ್ತಿದೆ.

ಬುಧವಾರ ಅಕ್ಕನ ಫೋನು. ಕಲ್ಲು ಜರುಗಿದ್ದು ಸಾಬೂನು ನೀರಿನಿಂದಲೇ ಎಂದು ಇಬ್ಬರೂ ಒಪ್ಪಿದ್ದಾರಂತೆ.

ಈಗ ಇರುವುದು ಒಂದೇ ಪ್ರಶ್ನೆ: ಜಾಸ್ತಿ ಬಟ್ಟೆ ಒಗೆದವರು ಯಾರು?